ಬಿಳಿ ಬಳಿಯುವ ಮುನ್ನ ಮರವನ್ನು ಕೇಳಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಲ್ಲಿ ಮಕ್ಕಳ ಕೈಗೆ ಮರದ ತುಂಡು ಸಿಗುವುದು ಕಷ್ಟದ ಮಾತಲ್ಲ. ಮಾಡು ರಿಪೇರಿಯಲ್ಲಿ ಉಳಿದ ರೀಪು, ಬಡಗಿ ಬಿಟ್ಟುಹೋದ ಹಲಗೆ, ಕಾಫಿ ತೋಟದಲ್ಲಿ ಕಡಿದ ಸಿಲ್ವರ್ ಓಕ್, ಇವುಗಳಲ್ಲಿ ಯಾವುದಾದರೊಂದು ಸೌದೆ ಕೊಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ರಜೆಯಲ್ಲಿ ಅದರಿಂದ ಪೆನ್ನಿನ ಡಬ್ಬಿ, ಫೋಟೊ ಚೌಕಟ್ಟು, ಚೆನ್ನೆಮಣೆ ಏನೋ ಒಂದು ತಯಾರಾಗುತ್ತದೆ. ಆಮೇಲೆ ಮಕ್ಕಳ ಬೇಡಿಕೆ ಶುರು: ಮೊಬೈಲಿನಲ್ಲಿ ನೋಡಿದ ಹಾಗೆ ಮರದ ಎಳೆ ಕಾಣುವಂಥ ತೆಳು ಬಿಳಿ ಬಣ್ಣವೇ ಬೇಕು.

ಆಗ ಪೋಷಕರು ಕೇಳುವ ಮೊದಲ ಪ್ರಶ್ನೆ, "ಯಾವ ಪೇಂಟ್ ತರಬೇಕು?" ನನ್ನ ಮರುಪ್ರಶ್ನೆ, "ಯಾವ ಮರ?" ತೆಳು ಬಿಳುಪು ಚೆನ್ನಾಗಿ ಬರುವುದೂ ಕೆಡುವುದೂ ಬಹುಪಾಲು ಡಬ್ಬಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಮರ ಯಾವುದು, ಎಷ್ಟು ಒಣಗಿದೆ ಎನ್ನುವುದು ಗೊತ್ತಾದರೆ ಉಳಿದ ಕೆಲಸ ಹತ್ತು ವರ್ಷದ ಮಗುವಿಗೂ ಸುಲಭ.

ಮುಚ್ಚುವ ಬಣ್ಣ ಬೇರೆ, ತೋರಿಸುವ ಬಣ್ಣ ಬೇರೆ

ಕಿಟಕಿ ಬಾಗಿಲಿಗೆ ಹೊಡೆಯುವ ಎನಾಮಲ್ ಮರವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಒಳಗಿರುವುದು ಹಲಸೋ ಪ್ಲೈವುಡ್ಡೋ ಯಾರಿಗೂ ಗೊತ್ತಾಗುವುದಿಲ್ಲ. ತೆಳು ಬಿಳುಪಿನಲ್ಲಿ ಬಿಳಿ ಪುಡಿಯ ಕಣಗಳು ಮರದ ಸಣ್ಣ ರಂಧ್ರಗಳಲ್ಲಿ ಹೆಚ್ಚಾಗಿ, ಗಟ್ಟಿ ಭಾಗದ ಮೇಲೆ ಕಡಿಮೆಯಾಗಿ ಕೂರುತ್ತವೆ. ಆ ಕಣಗಳ ನಡುವಿನಿಂದ ಬೆಳಕು ಒಳಗೆ ಹೋಗಿ, ಮರಕ್ಕೆ ತಾಗಿ, ಹೊರಗೆ ಬರುತ್ತದೆ. ಆದ್ದರಿಂದ ಮರದ ಚೆಲುವಿನ ಜೊತೆಗೆ ಅದರ ದೋಷವೂ ಎದ್ದು ಕಾಣುತ್ತದೆ. ಎಳೆಗೆ ಅಡ್ಡವಾಗಿ ಉಜ್ಜಿದ ಗೀರು, ಜೋಡಣೆಯಲ್ಲಿ ಹೊರಗೆ ಉಕ್ಕಿದ ಫೆವಿಕಾಲ್, ಎಣ್ಣೆಗೈಯ ಗುರುತು, ಇದ್ಯಾವುದನ್ನೂ ಅದು ಬಚ್ಚಿಡುವುದಿಲ್ಲ. ಅಂಟು ಒಣಗಿದ ಜಾಗ ಬಣ್ಣವನ್ನು ಹೀರುವುದೇ ಇಲ್ಲ. ಅಲ್ಲಿ ಜಾರಿದ ಹಾಗೆ ಒಂದು ಕಲೆ ಉಳಿಯುತ್ತದೆ. ಅಂಟು ಹಸಿಯಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದನ್ನು ಮಗುವಿಗೆ ಮೊದಲ ದಿನವೇ ರೂಢಿ ಮಾಡಿಸಿ.

ಯುರೋಪಿನಲ್ಲಿ ಹಿಂದೆ ಓಕ್ ಮರಕ್ಕೆ ಹುಳ ಬಾರದಿರಲೆಂದು ಸುಣ್ಣ ಬಳಿಯುತ್ತಿದ್ದರು. ಉಜ್ಜಿ ಒರೆಸಿದ ಮೇಲೂ ರಂಧ್ರಗಳಲ್ಲಿ ಉಳಿದ ಬಿಳುಪು ಕಣ್ಣಿಗೆ ಚೆಂದ ಕಂಡು, ಕ್ರಮೇಣ ಅದೇ ಒಂದು ಅಲಂಕಾರದ ವಿಧಾನವಾಯಿತು. ಇದನ್ನು ಹೇಳಿದ ಕೂಡಲೇ ಕೆಲವರು, "ಹಾಗಾದರೆ ನಮ್ಮನೆ ಸುಣ್ಣವೇ ಸಾಕಲ್ಲ?" ಎನ್ನುತ್ತಾರೆ. ಮಕ್ಕಳ ಕೆಲಸಕ್ಕೆ ಸುಣ್ಣ ಬೇಡ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಕಣ್ಣು. ಸುಣ್ಣ ತೀವ್ರ ಕ್ಷಾರ. ಅದು ಕಣ್ಣಿಗೆ ಸಿಡಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಸುಡುತ್ತದೆ, ದೃಷ್ಟಿಗೇ ಅಪಾಯ. ಎಲೆಅಡಿಕೆ ತಟ್ಟೆಯ ಸುಣ್ಣದ ಡಬ್ಬಿಗೂ ಇದೇ ಎಚ್ಚರ ಬೇಕು. ಹಾಗೇನಾದರೂ ಆದರೆ ಕಣ್ಣನ್ನು ಉಜ್ಜಲು ಬಿಡಬೇಡಿ. ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆದು, ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಎರಡನೆಯ ಕಾರಣ ಚೊಗರು. ಇದನ್ನು ಅಡಿಕೆ ಸೀಮೆಯವರಿಗೆ ವಿವರಿಸುವುದು ಸುಲಭ.

ಮರದ ಚೊಗರು

ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಗಂದು ಚೊಗರು ನಿಮಗೆ ಹೊಸದಲ್ಲ. ಅದಕ್ಕೆ ಬಣ್ಣವನ್ನೂ ಒಗರನ್ನೂ ಕೊಡುವುದು ಟ್ಯಾನಿನ್ ಗುಂಪಿನ ವಸ್ತುಗಳು. ಅದೇ ಜಾತಿಯ ವಸ್ತುಗಳು ಅನೇಕ ಮರಗಳ ಕೆಚ್ಚಿನಲ್ಲಿಯೂ ಇವೆ. ಕವಳಕ್ಕೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುವುದು ಅಡಿಕೆಯ ಚೊಗರಿಗೆ ಕ್ಷಾರ ತಾಗಿದ್ದರಿಂದ. ಚೊಗರಿರುವ ಮರಕ್ಕೆ ಸುಣ್ಣ ಬಳಿದರೂ ಆಗುವುದು ಇದೇ. ಬೆಳ್ಳಗಾಗುವ ಬದಲು ಮರ ಕಂದು ತಿರುಗುತ್ತದೆ. ಗೋಡೆಗೆ ಬಳಿಯುವ ವಾಲ್ ಪಟ್ಟಿ, ಬಿಳಿ ಸಿಮೆಂಟ್ ಕೂಡ ಕ್ಷಾರವೇ. ಅವೂ ಬೇಡ.

ನೀರು ಬೆರೆಸುವ ಬಣ್ಣ ಬಳಸಿದರೂ ಚೊಗರು ಬಿಡುವುದಿಲ್ಲ. ಬಣ್ಣದೊಳಗಿನ ನೀರು ಮರಕ್ಕೆ ಇಳಿದು, ಚೊಗರನ್ನು ಕರಗಿಸಿಕೊಂಡು, ಒಣಗುವಾಗ ಮೇಲಕ್ಕೆ ತರುತ್ತದೆ. ಸಂಜೆ ಬೆಳ್ಳಗಿದ್ದ ಡಬ್ಬಿ ಬೆಳಗಿನ ಹೊತ್ತಿಗೆ ಚಹಾ ಚೆಲ್ಲಿದಂಥ ಕಲೆಗಳಿಂದ ತುಂಬಿರುತ್ತದೆ. ಮಗು ಅದನ್ನು ತನ್ನ ತಪ್ಪೆಂದುಕೊಳ್ಳುತ್ತದೆ. ತಪ್ಪು ಮರದ ಆಯ್ಕೆಯದು.

ಇದನ್ನು ಮುಂಚೆಯೇ ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಹಳೆಯ ಬಿಳಿ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ, ಅರ್ಧ ಹಿಂಡಿ, ಉಜ್ಜಿ ನಯ ಮಾಡಿದ ಮರದ ಮೇಲೆ ಹತ್ತು ನಿಮಿಷ ಹಾಸಿಡಿ. ಆಮೇಲೆ ಬಟ್ಟೆಯನ್ನು ತಿರುಗಿಸಿ ನೋಡಿ. ಬಟ್ಟೆ ಬಿಳಿಯಾಗಿಯೇ ಇದ್ದರೆ ಆ ಮರ ಬಿಳುಪಿಗೆ ಒಗ್ಗುತ್ತದೆ. ಹಳದಿಯೋ ಕಂದೋ ಹತ್ತಿದ್ದರೆ ನಿಮ್ಮ ಬಣ್ಣಕ್ಕೂ ಅದೇ ಹತ್ತುತ್ತದೆ. ಈ ಪರೀಕ್ಷೆಯನ್ನು ಮಗುವಿನ ಕೈಯಲ್ಲೇ ಮಾಡಿಸಿ. ಶಾಲೆಯ ವಿಜ್ಞಾನದ ಒಂದು ಪಾಠವೂ ಅದರಲ್ಲೇ ಆಗಿಹೋಗುತ್ತದೆ.

ಚೊಗರಿಗೆ ಕಬ್ಬಿಣವೂ ಆಗದು. ಮೆಟ್ಟುಗತ್ತಿಯ ಅಲಗಿಗೆ ಹಸಿ ಅಡಿಕೆಯಿಂದ ಹತ್ತುವ ಕರಿ ನೆನಪು ಮಾಡಿಕೊಳ್ಳಿ. ಕಬ್ಬಿಣದ ಮೊಳೆ ಹೊಡೆದ ಚೊಗರಿನ ಮರಕ್ಕೆ ನೀರಿನ ಬಣ್ಣ ಬಳಿದರೆ ಪ್ರತಿ ಮೊಳೆಯ ಸುತ್ತ ಕಪ್ಪು ಉಂಗುರ ಏಳುತ್ತದೆ. ಹಿತ್ತಾಳೆ ಅಥವಾ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ, ಇಲ್ಲವೇ ಬಿದಿರಿನ ಗೂಟ ಹೊಡೆದು ಅಂಟಿಸಿ. ಮರವನ್ನು ಉಜ್ಜಲು ಪಾತ್ರೆ ತಿಕ್ಕುವ ಕಬ್ಬಿಣದ ನಾರು ಬೇಡ. ಅದರ ಚೂರುಗಳು ಎಳೆಯೊಳಗೆ ಸಿಕ್ಕಿ ತುಕ್ಕು ಹಿಡಿಯುತ್ತವೆ.

ನಮ್ಮ ಕಡೆಯ ಮರಗಳು

ಮೂರು ತಾಲ್ಲೂಕಿನಲ್ಲೂ ಸುಲಭವಾಗಿ ಸಿಗುವ ಮರಗಳಲ್ಲಿ ಸಿಲ್ವರ್ ಓಕ್‌ಗೆ ನನ್ನ ಮೊದಲ ಮತ. ಆಸ್ಟ್ರೇಲಿಯಾದಿಂದ ಬಂದು ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಈ ಮರದ ಹಲಗೆ ತೆಳು ಗುಲಾಬಿ ಮಿಶ್ರಿತ ಕಂದು. ಅದರ ಮೈಮೇಲೆ ಅಕ್ಕಿಕಾಳಿನಿಂದ ಬೆರಳುಗುರಿನವರೆಗಿನ ಹೊಳೆವ ಚುಕ್ಕೆಗಳಿರುತ್ತವೆ. ತೆಳು ಬಿಳಿ ಬಳಿದು ಒರೆಸಿದರೆ ಚುಕ್ಕೆಗಳು ಒಂದು ಬಗೆಯಲ್ಲಿ, ನಡುವಿನ ಮರ ಇನ್ನೊಂದು ಬಗೆಯಲ್ಲಿ ಬಣ್ಣ ಹಿಡಿದು, ಯಾವ ಡಿಸೈನೂ ಇಲ್ಲದೆ ಒಂದು ಚಿತ್ತಾರ ಮೂಡುತ್ತದೆ. ಹಸಿ ಸಿಲ್ವರ್ ಓಕ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಒಣಗಿದ ಹಲಗೆಯನ್ನೇ ಕೊಡಿ.

ರಬ್ಬರ್ ತೋಟಗಳಿರುವ ನರಸಿಂಹರಾಜಪುರ, ಬಾಳೆಹೊನ್ನೂರು ಕಡೆಯವರಿಗೆ ರಬ್ಬರ್ ಮರವೂ ಒಳ್ಳೆಯದು. ಕೆನೆ ಬಣ್ಣದ ಸಮಮೈಯ ಮರ, ಚೊಗರಿನ ಕಾಟವಿಲ್ಲ. ಆದರೆ ಕಡಿದು ಹಾಗೇ ಬಿಟ್ಟರೆ ಬೇಗ ನೀಲಿ ಬೂಷ್ಟು ಹಿಡಿದು, ಕುಟ್ಟೆ ಹುಳಕ್ಕೆ ಆಹಾರವಾಗುತ್ತದೆ. ಸಂಸ್ಕರಿಸಿ ಒಣಗಿಸಿದ ರಬ್ಬರ್ ಹಲಗೆ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ತನ್ನಿ. ಮಾವು ಮೂರನೆಯದು. ಬಣ್ಣ ಒಂದೇ ಸಮ ಇರುವುದಿಲ್ಲ, ಆದರೆ ಉಜ್ಜಲು ಸುಲಭ. ಹುಳ ಕೊರೆದ ಸೂಜಿತೂತು, ಕೆಳಗೆ ಉದುರಿದ ಹಿಟ್ಟು ಇದೆಯೇ ಎಂದು ನೋಡಿಕೊಳ್ಳಿ.

ಹಲಸು ನಮ್ಮ ಮನೆಗಳ ಹೆಮ್ಮೆಯ ಮರ. ಆದರೆ ಅದರ ಕೆಚ್ಚು ಬಣ್ಣ ಬಿಡುವಷ್ಟು ಹಳದಿ. ಬೌದ್ಧ ದೇಶಗಳಲ್ಲಿ ಭಿಕ್ಷುಗಳ ಕಾವಿಗೆ ಬಣ್ಣ ಕಟ್ಟಲು ಇದೇ ಹಲಸಿನ ಚಕ್ಕೆಯನ್ನು ಬೇಯಿಸುತ್ತಿದ್ದರು. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ನೀರಿಗೆ ಬಣ್ಣ ಇಳಿಯುವುದು ನಿಮಗೆ ಗೊತ್ತು. ಬೀಟೆ, ಮತ್ತಿ ಕಪ್ಪು ಮರಗಳು. ಸಾಗುವಾನಿಯಲ್ಲಿ ಎಣ್ಣೆಯಂಶ ಇದೆ. ಇವುಗಳಿಗೆ ಬಿಳಿ ಬಳಿಯುವ ಹಟ ಬೇಡ. ಹಲಸು, ಬೀಟೆಯ ತುಂಡು ಸಿಕ್ಕರೆ ನಯವಾಗಿ ಉಜ್ಜಿ, ಅದರ ಸ್ವಂತ ಬಣ್ಣದಲ್ಲೇ ಇಟ್ಟುಕೊಳ್ಳುವುದನ್ನು ಮಗುವಿಗೆ ಹೇಳಿಕೊಡಿ. ಬೀಟೆಯ ಪುಡಿಯೂ ಕೆಲವರಿಗೆ ಅಲರ್ಜಿ, ನೆನಪಿರಲಿ.

ಅಡಿಕೆ ದಬ್ಬೆಯಿಂದ ಮಕ್ಕಳು ಏನೇನೋ ಕಟ್ಟುತ್ತಾರೆ. ಬಣ್ಣ ಬಳಿಯುವ ಕೆಲಸಕ್ಕೆ ಮಾತ್ರ ಅದು ಬೇಡ. ಉಜ್ಜಿದಷ್ಟೂ ಸಿಬಿರು ಏಳುತ್ತದೆ, ಬೆರಳಿಗೆ ನಟ್ಟರೆ ತೆಗೆಯುವುದೂ ಕಷ್ಟ. ಬಿದಿರಿನ ಹೊರಮೈ ಮೇಣದಂತೆ ನುಣುಪು, ಅದನ್ನು ಹೆರೆಯದೆ ಬಣ್ಣ ಹಿಡಿಯದು. ಯಂತ್ರಗಳು ಬರುವ ಪೈನ್ ಪೆಟ್ಟಿಗೆಯ ಹಲಗೆ ಬಿಳುಪಿಗೆ ಚೆನ್ನ, ಗಂಟುಗಳಿಂದ ಮಾತ್ರ ರಾಳ ಒಸರಿ ಹಳದಿ ಕಲೆ ಕೊಡುತ್ತದೆ. ಹೊರದೇಶದಿಂದ ಬಂದ ಪೆಟ್ಟಿಗೆಯಾದರೆ ಅದರ ಮೇಲೆ ತೆನೆಯ ಗುರುತಿನ ಮುದ್ರೆ ಇರುತ್ತದೆ. ಅದರಲ್ಲಿ 'ಎಚ್‌ಟಿ' ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ಬಳಸಬಹುದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಮಕ್ಕಳ ವಸ್ತುವಿಗೆ ಬೇಡ. ಎಂಡಿಎಫ್ ಹಲಗೆಗೆ ಎಳೆಯೇ ಇಲ್ಲ, ಅದಕ್ಕೆ ತೆಳು ಬಿಳುಪು ಬಳಿದು ಪ್ರಯೋಜನವೂ ಇಲ್ಲ.

ಒಲೆಯ ಮೇಲಿನ ಅಟ್ಟದಿಂದ ಇಳಿಸಿದ ಮರದ ಬಗ್ಗೆಯೂ ಒಂದು ಮಾತು. ವರ್ಷಗಟ್ಟಲೆ ಹೊಗೆ ಕುಡಿದ ಮರ ಚೆನ್ನಾಗಿ ಒಣಗಿರುತ್ತದೆ, ಹುಳವೂ ಹಿಡಿದಿರುವುದಿಲ್ಲ. ಆದರೆ ಮೇಲ್ಪದರದಲ್ಲಿ ಇಲ್ಲಣದ ಎಣ್ಣೆ ಕೂತಿರುತ್ತದೆ. ಬಡಗಿಯ ಕೈಯಲ್ಲಿ ಕೀಸುಳಿ ಹಾಕಿಸಿ, ಒಳಗಿನ ಹೊಸ ಮೈ ಕಂಡ ಮೇಲೆಯೇ ಮಗುವಿಗೆ ಕೊಡಿ.

ಮಳೆಗಾಲ ಮತ್ತು ಮರದ ನೀರು

ಮಲೆನಾಡಿನ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಣ್ಣದ ಡಬ್ಬಿಯ ಮೇಲಿನ ಸೂಚನೆ ನಂಬಬಾರದು. ಗಾಳಿಯ ತೇವಾಂಶ ಶೇ 60ರ ಸುಮಾರಿದ್ದಾಗ ಒಣಮರದಲ್ಲಿ ಶೇ 11–12 ನೀರು ಉಳಿಯುತ್ತದೆ. ಆಷಾಢದಲ್ಲಿ ಶೃಂಗೇರಿ, ಕೊಪ್ಪದಲ್ಲಿ ಇರುವಂತೆ ಗಾಳಿಯ ತೇವ ಶೇ 90ರ ಹತ್ತಿರ ನಿಂತರೆ, ಮಾಡಿನಡಿ ಇಟ್ಟ ಒಣಮರವೂ ನೀರು ಹೀರಿ ಶೇ 20ರ ಹತ್ತಿರ ಹೋಗುತ್ತದೆ. ಭದ್ರಾ ಹಿನ್ನೀರಿನ ಮಗ್ಗುಲಿನ ನರಸಿಂಹರಾಜಪುರದಲ್ಲಿ ಮಳೆ ಕಡಿಮೆ ಇರಬಹುದು, ಆದರೆ ಮಳೆಗಾಲದ ಥಂಡಿ ಅಲ್ಲಿಯೂ ಇದೆ. ಹೀಗೆ ನೀರು ಹೀರಿದ ಮರಕ್ಕೆ ಬಳಿದ ಬಣ್ಣದ ಅಡಿಯಲ್ಲಿ ಬೂಷ್ಟು ಬರುತ್ತದೆ, ಬೇಸಿಗೆಗೆ ಮರ ಕುಗ್ಗಿದಾಗ ಜೋಡಣೆ ಬಿರುಕು ಬಿಡುತ್ತದೆ.

ಮಳೆ ನಿಂತು ಗಾಳಿ ಒಣಗಿದ ಮೇಲೆ, ಅಂದರೆ ಡಿಸೆಂಬರ್‌ನಿಂದ ಮೇ ಮಧ್ಯದವರೆಗೆ, ಈ ಕೆಲಸಕ್ಕೆ ಒಳ್ಳೆಯ ಕಾಲ. ದಸರಾ ರಜೆಯಲ್ಲೂ ಮಾಡಬಹುದು, ಒಣಗಲು ಎರಡರಷ್ಟು ಸಮಯ ಕೊಡಬೇಕು. ಮರ ಒಣಗಿದೆಯೇ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಅಡುಗೆಮನೆಯ ತೂಕದ ಯಂತ್ರದಲ್ಲಿ ತುಂಡನ್ನು ತೂಗಿ ಅದರ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡಿ. ನಾಲ್ಕು ದಿನಕ್ಕೊಮ್ಮೆ ತೂಗಿ. ಇಳಿಯುವ ತೂಕ ಒಂದು ಕಡೆ ನಿಂತಿತೆಂದರೆ ಮರ ತಯಾರು. ಬೇಗ ಒಣಗಲೆಂದು ಅಡಿಕೆಯ ಜೊತೆ ಅಂಗಳದ ಉರಿಬಿಸಿಲಿಗೆ ಹಾಕಬೇಡಿ, ಹಲಗೆ ಡೊಂಕಾಗುತ್ತದೆ, ತುದಿ ಸೀಳುತ್ತದೆ. ಜಗಲಿಯ ನೆರಳು, ಗಾಳಿಯಾಡುವ ಜಾಗ ಸಾಕು.

ಮಳೆಗಾಲದಲ್ಲಿ ಸ್ಪಿರಿಟ್ ಪಾಲಿಶ್, ಥಿನ್ನರ್ ಹಾಕುವ ಲ್ಯಾಕರ್ ಹಚ್ಚಿದರೆ ಮಂಜು ಕವಿದಂತೆ ತಾನಾಗಿ ಬೆಳ್ಳಗಾಗುವುದುಂಟು. "ನೋಡಿ, ಬಿಳಿ ಬಂತು!" ಎಂದು ಮಕ್ಕಳು ಕುಣಿಯುತ್ತಾರೆ. ಅದು ಪಾಲಿಶ್ ಒಳಗೆ ಸಿಕ್ಕಿಬಿದ್ದ ಗಾಳಿಯ ತೇವ, ಒಂದು ದೋಷ. ಒಂದೇ ಸಮ ಇರುವುದಿಲ್ಲ, ಉಳಿಯುವುದೂ ಇಲ್ಲ.

ಯಾವ ಡಬ್ಬಿ ತರಬೇಕು, ಯಾವುದು ಬೇಡ

ಬೇಕಾಗಿರುವುದು ಎರಡೇ: ಮನೆಯ ಒಳಗೋಡೆಗೆ ಬಳಸುವ ಬಿಳಿ ಎಮಲ್ಷನ್ನಿನ ಚಿಕ್ಕ ಡಬ್ಬಿ ಅಥವಾ ಚಿತ್ರ ಬರೆಯುವ ಬಿಳಿ ಅಕ್ರಿಲಿಕ್, ಮತ್ತು ಮರಕ್ಕೆ ಬಳಿಯುವ ನೀರಿನ ಆಧಾರದ ಪಾರದರ್ಶಕ ವಾರ್ನಿಶ್. ಎರಡನ್ನೂ ನೀರಿನಲ್ಲಿ ತೆಳು ಮಾಡಬಹುದು, ಬ್ರಷ್ ನೀರಿನಲ್ಲೇ ತೊಳೆಯಬಹುದು.

ನಮ್ಮ ಕಡೆ ಪಾಚಿ, ಬೂಷ್ಟಿನ ಭಯಕ್ಕೆ ಹೊರಗೋಡೆಯ ಪೇಂಟನ್ನು ಒಳಗೂ ಬಳಸುವ ರೂಢಿ ಇದೆ. ಅದರಲ್ಲಿ ಬೂಷ್ಟುನಾಶಕ ಸೇರಿರುತ್ತದೆ, ಮಕ್ಕಳು ಮುಟ್ಟಿ ಆಡುವ ವಸ್ತುವಿಗೆ ಬೇಡ. ಬಿಳಿ ವುಡ್ ಪ್ರೈಮರ್ ಎಳೆಯನ್ನು ಮುಚ್ಚುತ್ತದೆ. ಸೀಮೆಸುಣ್ಣದ ಪುಡಿ, ಹಸೆಗೆ ಬಳಸುವ ಶೇಡಿ ಒಣಗಿದಾಗ ಬೆಳ್ಳಗೆ ಕಂಡರೂ ಕೈಗೆ ಹತ್ತುತ್ತವೆ. ಹತ್ತದಿರಲೆಂದು ಮೇಲೆ ವಾರ್ನಿಶ್ ಬಳಿದರೆ ಬಿಳುಪೇ ಬಹುಪಾಲು ಮಾಯ. ಸೀಮೆಸುಣ್ಣವೂ ವಾರ್ನಿಶ್ಶೂ ಬೆಳಕನ್ನು ಬಾಗಿಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆಳಕು ನೇರ ಹಾದುಹೋಗುತ್ತದೆ. ಪೇಂಟಿನಲ್ಲಿರುವ ಟೈಟಾನಿಯಂ ಡೈ ಆಕ್ಸೈಡ್ ಬೆಳಕನ್ನು ಬಹಳ ಹೆಚ್ಚು ಬಾಗಿಸುತ್ತದೆ. ಹಾಗಾಗಿ ಚಿಟಿಕೆಯಷ್ಟಿದ್ದರೂ ವಾರ್ನಿಶ್ ಅಡಿಯಲ್ಲಿ ಅದರ ಬಿಳುಪು ಉಳಿಯುತ್ತದೆ.

ಎಣ್ಣೆ ಆಧಾರದ ವಾರ್ನಿಶ್ ಬಿಳಿಯ ಮೇಲೆ ಹಳದಿಯಾಗುತ್ತದೆ. ಕತ್ತಲೆಯಲ್ಲಿಟ್ಟರೆ ಇನ್ನೂ ಬೇಗ. ಮಲೆನಾಡಿನ ಹಳೆಯ ಮನೆಗಳ ಮಂದ ಬೆಳಕಿನ ಒಳಕೋಣೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಜಿಡ್ಡಾಗಿ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಬಳಸುವವರು ಒಂದು ಎಚ್ಚರ ಪಾಲಿಸಬೇಕು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ, ಹೊರಗೆ ಹರವಿ ಒಣಗಿಸಿ.

ಪೋಷಕರು ನಿಜವಾಗಿಯೂ ಹೆದರಬೇಕಾದ ವಸ್ತು ಹಳೆಯ ಬಣ್ಣ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ 90 ಪಿಪಿಎಂ ದಾಟುವಂತಿಲ್ಲ. ಇದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮಲ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಸಾಕಷ್ಟಿದೆ. ಮಕ್ಕಳ ಮಿದುಳಿಗೆ ಸೀಸ ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಹಳೆಯ ಕಿಟಕಿ, ತೊಟ್ಟಿಲು, ಕುರ್ಚಿಯ ಬಣ್ಣ ಹತ್ತಿದ ಮರವನ್ನು ಮಕ್ಕಳು ಉಜ್ಜಬಾರದು, ಅವರ ಎದುರಿಗೆ ನೀವೂ ಉಜ್ಜಬಾರದು. ಅಟ್ಟದಲ್ಲಿ ಉಳಿದ ಹಳೆ ಡಬ್ಬಿಯ ಬಿಳಿ ಬಣ್ಣವನ್ನೂ ಕೊಡಬೇಡಿ.

ಬಾಯಿಗೆ ಹಾಕುವ ವಯಸ್ಸಿನ ತಮ್ಮ, ತಂಗಿ ಮನೆಯಲ್ಲಿದ್ದರೆ ಅವರ ಆಟಿಕೆಗೆ ಈ ಬಿಳುಪು ಬೇಡವೇ ಬೇಡ. ಒಣಗಿದ ಎಮಲ್ಷನ್ ಕೈಗೆ ಅಪಾಯಕರವಲ್ಲ, ಹಾಗೆಂದು ಅದು ಚೀಪುವುದಕ್ಕೆ ಮಾಡಿದ್ದೂ ಅಲ್ಲ. ಚನ್ನಪಟ್ಟಣದವರು ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಬಿಸಿಯಲ್ಲಿ ಕರಗಿಸಿ ಹಿಡಿಸುತ್ತಾರೆ. ಎಳೆಮಕ್ಕಳಿಗೆ ಅಂಥದ್ದು ಒಳ್ಳೆಯದು. ಇಲ್ಲವೇ ನಯವಾಗಿ ಉಜ್ಜಿದ ಬರಿಯ ಮರವೇ ಸಾಕು.

ಕೆಲಸದ ಕ್ರಮ

ಮೊದಲು ಉಜ್ಜುವುದು. ಅಂಗಡಿಯಲ್ಲಿ 120, 180, 220 ನಂಬರಿನ ಪಾಲಿಶ್ ಪೇಪರ್ ಕೇಳಿ. ಅದೇ ಕ್ರಮದಲ್ಲಿ, ಎಳೆಯ ದಿಕ್ಕಿಗೇ ಉಜ್ಜಬೇಕು. ಬಾಗಿಲ ಹೊರಗೆ, ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ಕೂರಿಸಿ, ಮೂಗಿಗೆ ಮಾಸ್ಕ್ ಕಟ್ಟಿ. ಮರದ ನುಣ್ಣನೆಯ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ನೀರು ತಾಗಿದ ಎಳೆಗಳು ಸೆಟೆದು ನಿಂತು ಮೈ ಮತ್ತೆ ಒರಟಾಗುತ್ತದೆ. 220ರಲ್ಲಿ ಇನ್ನೊಮ್ಮೆ ಹಗುರಾಗಿ ಉಜ್ಜಿದರೆ ಮುಂದೆ ಬಣ್ಣ ಬಳಿದಾಗ ಅವು ಏಳುವುದಿಲ್ಲ.

ಎರಡನೆಯದು ಬೆರಕೆ. ಎರಡು ಚಮಚ ಬಣ್ಣಕ್ಕೆ ಎರಡು ಚಮಚ ನೀರಿನಿಂದ ಆರಂಭಿಸಿ. ಪೆನ್ನಿನ ಡಬ್ಬಿಯಂಥ ವಸ್ತುವಿಗೆ ಅಷ್ಟೇ ಧಾರಾಳ. ಬೆರಕೆ ನೀರುಮಜ್ಜಿಗೆಯ ಹದಕ್ಕೆ ಬರಬೇಕು. ಅದೇ ಮರದ ಒಂದು ಚೂರಿನ ಮೇಲೆ ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಮೂರು ನೀರಿನ ಮೂರು ಪಟ್ಟೆ ಬಳಿದು, ಒಣಗಿದ ಮೇಲೆ ಪ್ರತಿ ಪಟ್ಟೆಯ ಅರ್ಧಕ್ಕೆ ವಾರ್ನಿಶ್ ಹಚ್ಚಿ ನೋಡಿ. ಯಾವುದು ಬೇಕೆಂದು ಮಗುವೇ ಆರಿಸಲಿ.

ಮೂರನೆಯದು ಬಳಿದು ಒರೆಸುವುದು. ಒಂದು ಸಲಕ್ಕೆ ಒಂದೇ ಮುಖ. ಎಳೆಗುಂಟ ಬ್ರಷ್ ಎಳೆದು, ಒಂದೆರಡು ನಿಮಿಷದೊಳಗೆ ನೂಲು ಬಿಡದ ಹಳೆಯ ಬಿಳಿ ಹತ್ತಿ ಬಟ್ಟೆಯಿಂದ ಎಳೆಗುಂಟವೇ ಒರೆಸಬೇಕು. ತಡವಾದರೆ ಬಣ್ಣ ಅರೆ ಒಣಗಿ ಬಟ್ಟೆಗೆ ಎಳೆದುಕೊಂಡು ಬರುತ್ತದೆ. ಹಲಗೆಯ ಕೊಯ್ದ ತುದಿ ಬಣ್ಣವನ್ನು ಹೆಚ್ಚು ಕುಡಿಯುತ್ತದೆ. ಅಲ್ಲಿಗೆ ಮೊದಲು ಬರೀ ನೀರು ಸವರಿದರೆ ಬಿಳಿ ಗಡ್ಡೆಯಾಗುವುದಿಲ್ಲ.

ಈ ಹಂತದಲ್ಲಿ ಮಕ್ಕಳು ಹೆಚ್ಚಾಗಿ ದಾರಿ ತಪ್ಪುತ್ತಾರೆ. ಒದ್ದೆಯಿರುವಾಗ ಬಿಳಿ ಹೆಚ್ಚು ಕಾಣುವುದಿಲ್ಲ. ಒದ್ದೆ ಮರ ತಾನೇ ಕಪ್ಪಾಗಿರುತ್ತದೆ, ಬಣ್ಣ ತೆಳ್ಳಗಿರುತ್ತದೆ. ಏನೂ ಬಳಿದೇ ಇಲ್ಲ ಎನಿಸಿ ಮಗು ಇನ್ನೊಂದು ಕೈ, ಮತ್ತೊಂದು ಕೈ ಬಳಿಯುತ್ತದೆ. ನೀರು ಆರಿದ ಮೇಲೆ ಬಿಳುಪು ಒಂದೇ ಸಮನೆ ಏರಿ ಎಳೆ ಮುಚ್ಚಿಹೋಗುತ್ತದೆ. "ಈಗ ಸಾಕು, ಒಣಗಿದ ಮೇಲೆ ನೋಡೋಣ" ಎಂದು ಬ್ರಷ್ ಕೆಳಗಿಡಿಸುವುದು ದೊಡ್ಡವರ ಮುಖ್ಯ ಕೆಲಸ. ಬೇಸಿಗೆಯಲ್ಲಿ ಒಂದು ಗಂಟೆ ಬಿಡಿ, ಥಂಡಿಯಲ್ಲಿ ಒಂದು ರಾತ್ರಿ. ಕಡಿಮೆಯೆನಿಸಿದರೆ ಆಗ ಎರಡನೇ ಕೈ. ಹೆಚ್ಚಾಗಿದ್ದರೆ 320 ನಂಬರಿನ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಎಳೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಕೊನೆಯದು ವಾರ್ನಿಶ್. ಬಿಳುಪು ಪೂರ್ತಿ ಒಣಗಿದ ಮರುದಿನ ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು. ವಾರ್ನಿಶ್ ತಾಗಿದ ಕೂಡಲೇ ಬಿಳುಪು ಸ್ವಲ್ಪ ಇಳಿದು ಮರ ಮುಂದೆ ಬರುತ್ತದೆ. ಪಟ್ಟೆಯ ಅರ್ಧಕ್ಕೆ ಹಚ್ಚಿ ನೋಡಲು ಹೇಳಿದ್ದು ಇದಕ್ಕೇ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಅದರ ಮೇಲೆ ಭಾರ ಇಡಬೇಡಿ, ಒದ್ದೆ ಬಟ್ಟೆಯಲ್ಲಿ ತಿಕ್ಕಬೇಡಿ.

ಚೊಗರು ಬಿಡುವ ಮರಕ್ಕೇ ಬಿಳಿ ಬೇಕೆಂದು ಮಗು ಹಟ ಹಿಡಿದರೆ ಬಡಗಿಯಿಂದ ಮೊದಲು ಅರಗಿನ ಪಾಲಿಶ್ ಒಂದು ಕೈ ಹಾಕಿಸಿ. ಅದು ಚೊಗರನ್ನು ತಡೆಯುತ್ತದೆ. ಆದರೆ ಮರ ಬಣ್ಣ ಕುಡಿಯುವುದೂ ಕಡಿಮೆಯಾಗುತ್ತದೆ, ಮರವನ್ನೇ ಬದಲಿಸಿದಷ್ಟು ಚೆನ್ನಾಗಿ ಬರುವುದಿಲ್ಲ. ಆ ಪಾಲಿಶ್‌ನ ಸ್ಪಿರಿಟ್ ಬೇಗ ಹೊತ್ತಿಕೊಳ್ಳುವಂಥದ್ದು, ಕುಡಿದರೆ ವಿಷ. ಒಲೆಯಿಂದ, ಮಕ್ಕಳಿಂದ ದೂರವಿಡಿ.

ಬ್ರಷ್ ತೊಳೆದ ನೀರನ್ನು ಹಳ್ಳಕ್ಕೋ ಹೊಳೆಗೋ ಬಾವಿಕಟ್ಟೆಗೋ ಚೆಲ್ಲಬೇಡಿ. ತುಂಗೆಯ ಮೀನಿಗೆ ಮಂಡಕ್ಕಿ ಹಾಕುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಷ್ಷನ್ನು ಮೊದಲು ಹಳೆಯ ಪೇಪರಿಗೆ ಒರೆಸಿ, ಹಳೆಯ ಡಬ್ಬಿಯ ಸ್ವಲ್ಪ ನೀರಿನಲ್ಲಿ ತೊಳೆದು, ಆ ನೀರು ಆರಿದ ಮೇಲೆ ತಳದ ಹಕ್ಕಳೆಯನ್ನು ಕಸಕ್ಕೆ ಹಾಕಿ.

ಯಾವ ವಯಸ್ಸಿಗೆ ಯಾವ ಕೆಲಸ

ಐದಾರು ವರ್ಷದವರು ಒದ್ದೆ ಬಟ್ಟೆಯ ಪರೀಕ್ಷೆ ಮಾಡಲಿ, ಬಳಿದ ಬಣ್ಣ ಒರೆಸಲಿ. ಏಳರಿಂದ ಹತ್ತರವರು ಕೈಯಿಂದ ಉಜ್ಜಬಹುದು, ಬ್ರಷ್ ಹಿಡಿಯಬಹುದು. ಹತ್ತು ದಾಟಿದವರು ಬೆರಕೆ ಅಳೆಯಲಿ, ಮರ ಆರಿಸಲಿ, ತೂಕ ಬರೆದಿಡಲಿ. ಗರಗಸದ ಯಂತ್ರ, ಉಜ್ಜುವ ಯಂತ್ರ, ಸ್ಪಿರಿಟ್, ಥಿನ್ನರ್ ಇವು ನಾಲ್ಕೂ ದೊಡ್ಡವರ ಕೈಯಲ್ಲೇ ಇರಲಿ. ಬಣ್ಣದ ಬೆರಕೆಯನ್ನು ಲೋಟ, ನೀರಿನ ಬಾಟಲಿಯಲ್ಲಿ ಮಾತ್ರ ಇಡಬೇಡಿ. ಬಿಳಿ ನೀರನ್ನು ಹಾಲೆಂದೋ ಮಜ್ಜಿಗೆಯೆಂದೋ ತಿಳಿಯುವ ಸಣ್ಣ ಮಕ್ಕಳು ಮನೆಯಲ್ಲಿರುತ್ತಾರೆ.

ಒಂದು ಕಡೆ ಬಿಳಿ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗಿಯೇ ಆಗುತ್ತದೆ. ತೆಳು ಬಿಳುಪಿನಲ್ಲಿ ಅದು ಕೆಟ್ಟು ಕಾಣುವುದಿಲ್ಲ. ಮಗು ಮಲಗಿದ ಮೇಲೆ ನೀವು ಕೂತು ಅದನ್ನು 'ಸರಿ' ಮಾಡಬೇಡಿ. ಬೆಳಗ್ಗೆ ಎದ್ದವರಿಗೆ ಅದು ತಮ್ಮದಲ್ಲ ಎಂದು ತಕ್ಷಣ ತಿಳಿಯುತ್ತದೆ. ಬದಲಿಗೆ ವಸ್ತುವಿನ ತಳದಲ್ಲಿ ಮಗುವಿನ ಕೈಯಿಂದಲೇ ಮರದ ಹೆಸರು, ತಿಂಗಳು, ಬೆರಕೆಯ ಅಳತೆ ಬರೆಸಿ. ಮುಂದಿನ ರಜೆಯಲ್ಲಿ ನನ್ನಂಥವರನ್ನು ಕೇಳುವ ಅಗತ್ಯ ನಿಮಗೆ ಬೀಳುವುದಿಲ್ಲ.